ತೋಟದ ಮಣ್ಣಿಗೆ ಟೆಸ್ಟು, ಮನೆಯವರ ರಕ್ತಕ್ಕೆ ಅಂದಾಜು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರನ್ನ ನಾನು ಮೂವತ್ತು ವರ್ಷದಿಂದ ಓದ್ತಾ ಇದೀನಿ, ಅಂದ್ರೆ ಹಾಸನದ ಕಡೆಯಿಂದ ಮದುವೆ ಆಗಿ ಕೊಡಗಿನ ಮಾದಾಪುರದ ಹತ್ತಿರದ ಈ ಕಾಫಿ ತೋಟಕ್ಕೆ ಬಂದಾಗಿಂದ. ಎಲ್ಲಿ ಎಷ್ಟು ಇಂಚು ಎಷ್ಟು ಸೆಂಟು ಮಳೆ ಬಿತ್ತು, ರೋಬಸ್ಟಾ ಚೆರಿ ಚೀಲಕ್ಕೆ ಎಷ್ಟು, ಕರಿಮೆಣಸು ಏರ್ತಾ ಇಳೀತಾ, ಯಾರ ಗದ್ದೆಗೆ ಆನೆ ಇಳೀತು, ಎಲ್ಲಾ ಬರತ್ತೆ ನಿಮ್ಮಲ್ಲಿ. ಒಂದು ಲೆಕ್ಕ ಮಾತ್ರ ಬರಲ್ಲ, ನಮ್ಮ ಮನೆ ಹೆಂಗಸರ ಹಿಮೋಗ್ಲೋಬಿನ್ ಎಷ್ಟು ಅಂತ. ಇದನ್ನ ತಮಾಷೆಗೆ ಹೇಳ್ತಾ ಇಲ್ಲ. ಕಾಗದ ಸ್ವಲ್ಪ ಉದ್ದ ಆಗತ್ತೆ, ಕತ್ತರಿ ಹಾಕಲೇಬೇಕಾದ್ರೆ ನನ್ನ ಮನೆ ಕಥೆಗೆ ಹಾಕಿ, ಮಾತ್ರೆ ವಿಷಯಕ್ಕೆ ಮಾತ್ರ ಹಾಕಬೇಡಿ.

ನಮ್ಮದು ಏಳು ಎಕರೆ. ಎರಡು ವರ್ಷಕ್ಕೊಮ್ಮೆ ಮಣ್ಣು ಟೆಸ್ಟ್ ಮಾಡಿಸೋದು ನಮ್ಮ ಯಜಮಾನ್ರಿಗೆ ಒಂದು ವ್ರತ ಇದ್ದ ಹಾಗೆ. ತೋಟದಲ್ಲಿ ಹತ್ತು ಹದಿನೈದು ಕಡೆ ತರಗೆಲೆ ಸರಿಸಿ, ಒಂಬತ್ತು ಇಂಚು ಗುಂಡಿ ತೆಗೆದು, ಗುಂಡಿಯ ಪಕ್ಕದ ಗೋಡೆ ಕೆರೆದು, ಬಟ್ಟೆ ಮೇಲೆ ಹರಡಿ ಬೆರೆಸಿ ನಾಲ್ಕು ಪಾಲು ಮಾಡಿ ಎರಡು ಬಿಸಾಕಿ, ಮತ್ತೆ ಬೆರೆಸಿ ಮತ್ತೆ ಪಾಲು ಮಾಡಿ, ಕೊನೆಗೆ ಅರ್ಧ ಕೆಜಿ ಉಳಿಸಿ ನೆರಳಲ್ಲಿ ಒಣಗಿಸಿ, ಚೀಟಿ ಬರೆದು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ತಗೊಂಡು ಹೋಗ್ತಾರೆ. ಬಂದ ರಿಪೋರ್ಟನ್ನ ಹಜಾರದ ಗೋಡೆಗೆ ಕ್ಯಾಲೆಂಡರ್ ಪಕ್ಕ ಮೊಳೆಗೆ ಸಿಕ್ಕಿಸ್ತಾರೆ. ಪಿಎಚ್ ಐದಕ್ಕೆ ಇಳಿದಿದೆ ಅಂದ್ರೆ ಮಣ್ಣು ಹುಳಿ ಆಗಿದೆ, ಇಷ್ಟು ಸುಣ್ಣ ಹಾಕಬೇಕು, ಪೊಟ್ಯಾಶ್ ಕಮ್ಮಿ, ಜಿಂಕ್ ಸ್ಪ್ರೇ ಕೊಡಬೇಕು, ಎಲ್ಲಾ ಅದರಲ್ಲಿ ಇರತ್ತೆ. ನಮ್ಮ ಮಳೆಗೆ ಮಣ್ಣಲ್ಲಿರೋ ಕ್ಯಾಲ್ಸಿಯಂ ಮೆಗ್ನೀಷಿಯಂ ಎಲ್ಲಾ ತೊಳೆದು ಹೊಳೆಗೆ ಹೋಗತ್ತಲ್ಲ, ಅದಕ್ಕೇ ಸುಣ್ಣ ಹಾಕೋದು, ಇದು ಇಲ್ಲಿನ ಸಣ್ಣ ಮಕ್ಕಳಿಗೂ ಗೊತ್ತು. ಕಾಫಿ ಎಲೆ ಸಣ್ಣಗೆ ಉದ್ದುದ್ದಕ್ಕೆ ಆಗಿ ಗೆಣ್ಣು ಗೆಣ್ಣು ಹತ್ತಿರ ಬಂತು ಅಂದ್ರೆ ನೋಡಿದ ತಕ್ಷಣ ಜಿಂಕ್ ಇಲ್ಲ ಅಂತಾರೆ. ಗಿಡದ ಮುಖ ನೋಡಿ ರೋಗ ಹೇಳೋ ಜನ ನಾವು.

ಅಂಥ ಮನೇಲಿ ನನ್ನ ಸೊಸೆ ಮೂರು ತಿಂಗಳು ಹಸಿ ಅಕ್ಕಿ ತಿಂದಳು, ಯಾರಿಗೂ ಏನೂ ಹೊಳೀಲಿಲ್ಲ!

ಅವಳು ಬಸುರಿ. ಅಕ್ಕಿ ಡಬ್ಬ ತೆಗೆದಾಗೆಲ್ಲ ಒಂದು ಮುಷ್ಟಿ ಬಾಯಿಗೆ. ರೊಟ್ಟಿ ಮಾಡುವಾಗ, ಟಿವಿ ನೋಡುವಾಗ, ರಾತ್ರಿ ಮಲಗೋ ಮುಂಚೆ ಕಟುಂ ಕಟುಂ ಅಂತ ಸದ್ದು. ನಾನು ನಗ್ತಾ ಇದ್ದೆ, "ಬಯಕೆ ಅಂದ್ರೆ ಮಾವಿನಕಾಯಿ ಕೇಳ್ತಾರೆ, ನೀನೇನಮ್ಮ ಕೋಳಿ ಹಾಗೆ ಅಕ್ಕಿ ಹೆಕ್ತೀಯಾ" ಅಂತ. "ಗೊತ್ತಿಲ್ಲ ಅತ್ತೆ, ತಿನ್ನದೇ ಇದ್ರೆ ಒಂಥರಾ ಆಗತ್ತೆ" ಅಂತಿದ್ದಳು. ಮೆಟ್ಟಿಲು ಹತ್ತಿದ್ರೆ ಏದುಸಿರು, ಅದಕ್ಕೂ ಬಸುರಿ ಅಲ್ವಾ ಅಂತ ಸುಮ್ಮನಾದ್ವಿ. ಹಸಿ ಅಕ್ಕಿ, ಮಣ್ಣು, ಸುಣ್ಣದ ಗೋಡೆ ಚಕ್ಕೆ, ಐಸು, ಇಂಥದ್ದನ್ನ ತಿನ್ನಬೇಕು ಅನ್ಸೋದು ಎಷ್ಟೋ ಸಲ ಮೈಯಲ್ಲಿ ಕಬ್ಬಿಣ ಬತ್ತಿದೆ ಅನ್ನೋದರ ಗುರುತು ಅಂತ ಆಮೇಲೆ ಗೊತ್ತಾಯ್ತು. ನಮ್ಮ ತವರಲ್ಲಿ ಮಣ್ಣು ತಿನ್ನೋ ಮಕ್ಕಳಿಗೆ ಬೆನ್ನಿಗೆ ಎರಡು ಬಿಡ್ತಿದ್ರು, ಪಾಪ ಅವುಗಳದ್ದು ಏನು ತಪ್ಪು.

ನಾಲ್ಕನೇ ತಿಂಗಳಲ್ಲಿ ರಕ್ತ ನೋಡಿದಾಗ ಹಿಮೋಗ್ಲೋಬಿನ್ 9.1. ಬಸುರಿಯರಿಗೆ 11ಕ್ಕಿಂತ ಕೆಳಗೆ ಇದ್ರೆ ರಕ್ತಹೀನತೆ ಅಂತ ಲೆಕ್ಕ, ಬಸುರಿ ಅಲ್ಲದ ಹೆಂಗಸರಿಗೆ 12, ಗಂಡಸರಿಗೆ 13. ಏಳಕ್ಕಿಂತ ಕೆಳಗೆ ಹೋದ್ರೆ ಅದು ಆಸ್ಪತ್ರೆಗೆ ಓಡೋ ವಿಷಯ. ಒಂದು ಖಾಸಗಿ ಕ್ಲಿನಿಕ್‌ನಲ್ಲಿ ತೋರಿಸ್ತಾ ಇದ್ವಿ, ಹೆಸರು ಬೇಡ. ಕಬ್ಬಿಣದ ಮಾತ್ರೆ ಬರೆದ್ರು, ಕ್ಯಾಲ್ಸಿಯಂ ಮಾತ್ರೆ ಬರೆದ್ರು, ಚೀಟಿ ಮೇಲೆ ಒಂದು ಸೊನ್ನೆ ಒಂದು ಅಂತ ಗೀಚಿದ್ರು, ಮುಂದಿನ ಪೇಷೆಂಟು. ಎರಡು ತಿಂಗಳು ಒಂದು ದಿನ ತಪ್ಪದೆ ತಗೊಂಡಳು ಸ್ವಾಮಿ. ಮತ್ತೆ ರಕ್ತ ನೋಡಿದ್ರೆ 9.0! ಅಲ್ಲಿ ಏನು ಅಂದ್ರು ಅಂದ್ರೆ ಈ ಕಂಪನಿ ಮಾತ್ರೆ ನಿಮಗೆ ಒಗ್ತಾ ಇಲ್ಲ, ಇನ್ನೊಂದು ಕಂಪನಿದು ಬರೀತೀನಿ, ಜೊತೆಗೆ ಒಂದು ಟಾನಿಕ್ಕು. ಬಿಲ್ಲು ಮೂರು ಪಟ್ಟು.

ನಮ್ಮೂರಿಗೆ ಆಶಾ ಕಾರ್ಯಕರ್ತೆ ಒಬ್ಬರು ಇದಾರೆ, ಆಶಾ ಅಕ್ಕ ಅಂತೀವಿ, ಮಳೇಲಿ ಕೊಡೆ ಹಿಡ್ಕೊಂಡು ಗದ್ದೆ ಬದು ಮೇಲೆ ನಡ್ಕೊಂಡು ಬರ್ತಾರೆ, ಕಾಲಲ್ಲಿ ಇಂಬಳ ಕಿತ್ತು ಹಾಕ್ತಾ ಜಗಲಿ ಮೇಲೆ ಕೂತ್ಕೊಂಡು ಮಾತಾಡ್ತಾರೆ. ಅವರು ರಿಪೋರ್ಟು ನೋಡಿ ಒಂದೇ ಒಂದು ಪ್ರಶ್ನೆ ಕೇಳಿದ್ರು. "ಮಾತ್ರೆ ಯಾವಾಗ ತಗೋತೀಯಮ್ಮ, ಯಾವುದರ ಜೊತೆ?" ಸೊಸೆ ಹೇಳಿದ್ಲು, ಬೆಳಿಗ್ಗೆ ರೊಟ್ಟಿ ತಿಂದು ಎರಡೂ ಮಾತ್ರೆ ಒಟ್ಟಿಗೆ, ಕಾಫಿ ಜೊತೆ. ಆಶಾ ಅಕ್ಕ ಹಣೆ ಚಚ್ಕೊಂಡ್ರು. "ಕಬ್ಬಿಣ ನುಂಗಿ ಅದರ ಮೇಲೆ ಕಾಫಿ ಸುರಿದ್ರೆ ಅದು ಹೋಗೋದು ರಕ್ತಕ್ಕಲ್ಲಮ್ಮ, ಕಕ್ಕಸಿಗೆ" ಅಂದ್ರು. ಅವರ ಬಾಯಿ ಹಾಗೇ, ಆದ್ರೆ ಮಾತು ನೂರಕ್ಕೆ ನೂರು ಸರಿ.

ಆಮೇಲೆ ನಾನು ಕೂತು ಓದಿದೆ, ಬಿಎಸ್ಸಿ ಓದಿ ಕೆಮಿಸ್ಟ್ರಿ ಎಲ್ಲಾ ಮರೆತಿದ್ದೆ, ಸ್ವಲ್ಪ ನೆನಪಾಯ್ತು. ಕಾಫಿ ಟೀಯಲ್ಲಿ ಇರೋ ಪಾಲಿಫಿನಾಲ್, ಟ್ಯಾನಿನ್ ಅಂತ ನಾವು ಅಂತೀವಲ್ಲ ಒಗರು ಒಗರು, ಅದು ಹೊಟ್ಟೇಲಿ ಕಬ್ಬಿಣವನ್ನ ಹಿಡ್ಕೊಂಡು ಬಿಡತ್ತೆ, ಕರುಳು ಹೀರ್ಕೊಳ್ಳೋಕೆ ಬಿಡಲ್ಲ. 1983ರಲ್ಲೇ ಅಮೆರಿಕದಲ್ಲಿ ಇದನ್ನ ಅಳೆದು ನೋಡಿದಾರೆ. ಊಟದ ಜೊತೆ ಒಂದು ಕಪ್ ಕಾಫಿ ಕುಡಿದ್ರೆ ಊಟದಿಂದ ಸಿಗೋ ಕಬ್ಬಿಣ ಶೇಕಡ 39 ಕಮ್ಮಿ ಆಯ್ತಂತೆ, ಟೀ ಕುಡಿದ್ರೆ ಶೇಕಡ 64 ಕಮ್ಮಿ. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ್ರೆ ಏನೂ ತೊಂದರೆ ಆಗಲಿಲ್ಲ. ಊಟ ಆಗಿ ಒಂದು ಗಂಟೆ ಬಿಟ್ಟು ಕುಡಿದ್ರೂ ಊಟದ ಜೊತೆ ಕುಡಿದಷ್ಟೇ ಕಬ್ಬಿಣ ಹೋಯ್ತು. ಇದು ನೋಡಿ ನನಗೆ ಗಾಬರಿ ಆಗಿದ್ದು, ಯಾಕಂದ್ರೆ ಕೊಡಗಲ್ಲಿ ಊಟ ಆಗಿ ಒಂದು ಗಂಟೆ ಒಳಗೆ ಕಾಫಿ ಬರದೇ ಇರೋ ಮನೆ ಯಾವುದು ಹೇಳಿ? ನೆಂಟರು ಬಂದ್ರೆ ಕಾಫಿ, ಪೋಸ್ಟ್‌ಮ್ಯಾನ್ ಬಂದ್ರೆ ಕಾಫಿ, ಸಾವಿನ ಮನೇಲೂ ಕಾಫಿ.

ಕೆಲವರು ಹೇಳ್ತಾರೆ, ನಮ್ಮದು ಬೆಲ್ಲದ ಕಾಫಿ ಅಲ್ವಾ, ಬೆಲ್ಲದಲ್ಲಿ ಕಬ್ಬಿಣ ಇದೆ ಅಂತ. ಇದೆ, ಇಲ್ಲ ಅನ್ನಲ್ಲ. ಆದ್ರೆ ಒಂದು ಲೋಟಕ್ಕೆ ಹಾಕೋ ಬೆಲ್ಲದಲ್ಲಿ ಒಂದು ಮಿಲಿಗ್ರಾಂ ಕೂಡ ಸಿಗಲ್ಲ, ಹೆಂಗಸಿಗೆ ದಿನಕ್ಕೆ ಬೇಕಾಗಿರೋದು 29 ಮಿಲಿಗ್ರಾಂ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರ 2020ರ ಲೆಕ್ಕ, ಗಂಡಸಿಗೆ 19. ಸಿಗೋ ಆ ಚೂರನ್ನೂ ಅದೇ ಲೋಟದ ಕಾಫಿ ಹಿಡ್ಕೊಂಡು ಕೂತಿರತ್ತೆ. ಇನ್ನು ಕ್ಯಾಲ್ಸಿಯಂ ಮಾತ್ರೆ. ಕ್ಯಾಲ್ಸಿಯಮ್ಮೂ ಕಬ್ಬಿಣವೂ ಕರುಳಲ್ಲಿ ಒಟ್ಟಿಗೆ ಹೋದ್ರೆ ಕಬ್ಬಿಣ ಹಿಂದೆ ಬೀಳತ್ತೆ, ಅದಕ್ಕೇ ಎರಡರ ಮಧ್ಯೆ ಎರಡು ಗಂಟೆನಾದ್ರೂ ಬಿಡಿ ಅನ್ನೋದು. ಹಾಲಿಗೂ ಅದೇ ಮಾತು. ನಮ್ಮ ಸೊಸೆ ಹಾಲಿನ ಕಾಫಿ ಕುಡೀತಿದ್ಲು, ಜೊತೆಗೆ ಕ್ಯಾಲ್ಸಿಯಂ ಮಾತ್ರೆ ಬೇರೆ. ಒಂದು ಕಬ್ಬಿಣದ ಮಾತ್ರೆಗೆ ಮೂರು ಕಡೆಯಿಂದ ಬೇಲಿ!

ಈಗ ಕ್ಯಾಲ್ಸಿಯಂ ಊಟದ ಜೊತೆ, ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು. ಕಬ್ಬಿಣ ರಾತ್ರಿ, ಬೇಗ ಊಟ ಮಾಡಿ ಎರಡು ಗಂಟೆ ಬಿಟ್ಟು, ನಿಂಬೆ ಶರಬತ್ತು ಇಲ್ಲಾ ಒಂದು ಕಿತ್ತಳೆ ಜೊತೆ. ಹುಳಿ ಹಣ್ಣಲ್ಲಿರೋ ವಿಟಮಿನ್ ಸಿ ಕಬ್ಬಿಣವನ್ನ ಒಳಗೆ ದಾಟಿಸೋಕೆ ಸಹಾಯ ಮಾಡತ್ತೆ. ನೆಲ್ಲಿಕಾಯಿ ಆದ್ರೂ ಆಗತ್ತೆ, ಸೀಬೆ ಆದ್ರೂ ಆಗತ್ತೆ. ಅದೇ ಮಾತ್ರೆ, ಅದೇ ಹಳೇ ಕಂಪನಿ, ಆ ಟಾನಿಕ್ ಬಾಟ್ಲಿ ಮುಚ್ಚಳ ಕೂಡ ತೆಗೀಲಿಲ್ಲ. ಒಂದೂವರೆ ತಿಂಗಳಿಗೆ 10.6. ಹಸಿ ಅಕ್ಕಿ ಯಾವಾಗ ಬಿಟ್ಲು ಅಂತ ಅವಳಿಗೇ ನೆನಪಿಲ್ಲ.

ಮಾತ್ರೆ ನಡುವೆ ನಿಲ್ಲಿಸೋರ ವಿಷಯ ಹೇಳಬೇಕು. ಸರ್ಕಾರದ ಆಸ್ಪತ್ರೇಲಿ ಬಸುರಿಯರಿಗೆ ಕೆಂಪು ಮಾತ್ರೆ ಫ್ರೀ ಕೊಡ್ತಾರೆ, 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್, ನಾಲ್ಕನೇ ತಿಂಗಳಿಂದ ಆರು ತಿಂಗಳು ದಿನಾ ಒಂದು, ರಕ್ತ ಕಮ್ಮಿ ಇದ್ರೆ ಎರಡು. ಹೈಸ್ಕೂಲ್ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ. ಅದು ತಗೊಂಡ್ರೆ ಮಲ ಕಪ್ಪಗೆ ಆಗತ್ತೆ, ಕೆಲವರಿಗೆ ಮಲಬದ್ಧತೆ, ಕೆಲವರಿಗೆ ವಾಕರಿಕೆ. ಕಪ್ಪಗೆ ಆಗೋದು ಮಾತ್ರೆಯಲ್ಲಿ ಉಳಿದ ಕಬ್ಬಿಣದ ಬಣ್ಣ ಅಷ್ಟೆ ಅಂತ ಯಾರಾದ್ರೂ ಒಂದು ಮಾತು ಮೊದ್ಲೇ ಹೇಳಿದ್ರೆ ಎಷ್ಟು ಜನ ಹೆದರದೆ ಮುಂದುವರಿಸ್ತಾರೋ. ಹೇಳಲ್ಲ. ನಮ್ಮ ಪಕ್ಕದ ತೋಟದ ಹುಡುಗಿ ಸ್ಕೂಲ್ ಬ್ಯಾಗ್ ಒಗೆಯೋಕೆ ಹಾಕಿದಾಗ ಸೈಡ್ ಜೇಬಲ್ಲಿ ಹನ್ನೊಂದು ನೀಲಿ ಮಾತ್ರೆ ಸಿಕ್ತಂತೆ. ಇನ್ನೊಂದು ವಿಷಯ, ಹಿಮೋಗ್ಲೋಬಿನ್ ಸರಿ ಹೋದ ತಕ್ಷಣ ಬಿಡೋದು. ಮೈಯಲ್ಲಿ ಕಬ್ಬಿಣಕ್ಕೆ ಒಂದು ಗೋದಾಮು ಇದೆ. ಮೊದ್ಲು ಖಾಲಿ ಆಗೋದು ಗೋದಾಮು, ಅದು ಪೂರ್ತಿ ಬತ್ತಿದ ಮೇಲೇ ರಕ್ತದಲ್ಲಿ ಇಳಿಯೋದು. ತುಂಬುವಾಗ ರಕ್ತ ಮೊದ್ಲು, ಗೋದಾಮು ಕೊನೆಗೆ. ಹಾಗಾಗಿ ಡಾಕ್ಟ್ರು ಸಾಕು ಅನ್ನೋ ತನಕ ತಗೋಬೇಕು. ಒಬ್ಬ ದೊಡ್ಡ ಮನುಷ್ಯನ ಮೈಯಲ್ಲಿ ಇರೋ ಒಟ್ಟು ಕಬ್ಬಿಣ ಮೂರು ನಾಲ್ಕು ಗ್ರಾಂ, ಒಂದು ಮೊಳೆಯಷ್ಟು. ಅಷ್ಟಕ್ಕೆ ಇಷ್ಟು ರಗಳೆ.

ಇದು ಒಂದು ಮನೆ ಕಥೆ ಅಂತ ಬಿಡೋ ಹಾಗಿಲ್ಲ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 57 ಜನಕ್ಕೆ ರಕ್ತ ಕಮ್ಮಿ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 67. ಕರ್ನಾಟಕದಲ್ಲಿ ಹೆಂಗಸರು ಹೆಚ್ಚು ಕಮ್ಮಿ ಅರ್ಧ. ತೋಟದಲ್ಲಿ ಅರ್ಧ ಗಿಡ ಹಳದಿ ಆದ್ರೆ ನಾವು ಸುಮ್ಮನೆ ಕೂರ್ತೀವಾ?

ನಮ್ಮ ತೋಟದ ಕೆಲಸದವರ ಲೈನ್ ಮನೇಲಿ ಕಂಡಿದ್ದು ಒಂದು ಹೇಳ್ತೀನಿ. ಕೆಲಸಕ್ಕೆ ಬರೋ ಒಬ್ಬ ಅಕ್ಕ ಸಂಜೆ ಮೊರದಲ್ಲಿ ರೇಷನ್ ಅಕ್ಕಿ ಹಾಕ್ಕೊಂಡು ಉಗುರಲ್ಲಿ ಒಂದೊಂದೇ ಕಾಳು ಹೆಕ್ಕಿ ಪಕ್ಕಕ್ಕೆ ಇಡ್ತಾ ಇದ್ರು. ಕಲ್ಲಾ ಅಂತ ಕೇಳಿದೆ. "ಅಲ್ಲಮ್ಮಾ, ಪ್ಲಾಸ್ಟಿಕ್ ಅಕ್ಕಿ ಬೆರಸ್ತಾರೆ, ನೋಡಿ ಬೇರೆ ಬಣ್ಣ, ನೀರಲ್ಲಿ ತೇಲತ್ತೆ" ಅಂದ್ರು. ಅದು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಬೆರೆಸಿ ಶಾವಿಗೆ ಒತ್ತೋ ಹಾಗೆ ಮೆಷಿನ್‌ನಲ್ಲಿ ಒತ್ತಿ ಅಕ್ಕಿ ಕಾಳಿನ ಆಕಾರಕ್ಕೆ ಕತ್ತರಿಸಿರ್ತಾರೆ, ನೂರು ಕೆಜಿ ಮಾಮೂಲಿ ಅಕ್ಕಿಗೆ ಒಂದು ಕೆಜಿ ಲೆಕ್ಕ. 2021ರ ಆಗಸ್ಟ್ 15ಕ್ಕೆ ಕೆಂಪುಕೋಟೆಯಲ್ಲಿ ಪ್ರಧಾನಿ ಅನೌನ್ಸ್ ಮಾಡಿದ ಸ್ಕೀಮು ಅದು. ಆ ಅಕ್ಕ ಹೆಕ್ಕಿ ತೆಗೆದ ಕಾಳೆಲ್ಲ ಎಲ್ಲಿಗೆ ಹೋಗತ್ತೆ ಅಂದ್ರೆ ಕೋಳಿಗೆ. ದಿಲ್ಲಿಯಿಂದ ಬಂದ ಕಬ್ಬಿಣ ನಮ್ಮ ಹುಂಜದ ಹೊಟ್ಟೆಗೆ. ರೇಷನ್ ಅಂಗಡೀಲಿ ಒಂದು ಬೋರ್ಡು, ಎರಡು ಸಾಲು, ಅಷ್ಟು ಹಾಕಿದ್ರೆ ಸಾಕಿತ್ತು. ಬೋರ್ಡಿನ ಕೆಲಸವನ್ನ ವಾಟ್ಸಾಪ್ ಮಾಡಿದೆ, ಉಲ್ಟಾ ದಾರೀಲಿ.

ರಕ್ತ ಕಮ್ಮಿ ಅಂದ್ರೆ ಬರೀ ತಿಂದಿದ್ದು ಸಾಲದ್ದು ಅಂತ ಅಲ್ಲ ಅನ್ನೋದೂ ಹೇಳ್ತೀನಿ, ಯಾಕಂದ್ರೆ ಇದರಲ್ಲಿ ತೋಟದ ಮಾಲೀಕರ ಪಾಲೂ ಇದೆ, ನಮ್ಮದೂ ಸೇರಿ. ಕೊಕ್ಕೆಹುಳ ಅಂತ ಇದೆ, ನೆರಳು ತೇವ ಇರೋ ಮಣ್ಣಲ್ಲಿ ಮರಿ ಬೆಳೆದು, ಬರಿಗಾಲಲ್ಲಿ ನಡೆಯೋರ ಚರ್ಮ ತೂರಿ ಒಳಗೆ ಹೋಗಿ, ಕರುಳಲ್ಲಿ ಕಚ್ಚಿಕೊಂಡು ದಿನಾ ರಕ್ತ ಹೀರತ್ತೆ. ನೆರಳು, ತೇವ, ತರಗೆಲೆ, ಬರಿಗಾಲು, ಇದು ಯಾವ ಜಾಗದ ವರ್ಣನೆ ಅಂತ ಬೇರೆ ಹೇಳಬೇಕಾ? 1899ರಲ್ಲಿ ಪೋರ್ಟೊ ರಿಕೊ ಅನ್ನೋ ದ್ವೀಪದಲ್ಲಿ ಬೇಲಿ ಆಶ್‌ಫರ್ಡ್ ಅಂತ ಅಮೆರಿಕದ ಸೈನ್ಯದ ಡಾಕ್ಟ್ರು ಇದನ್ನ ಕಂಡುಹಿಡಿದ್ರು. ಬೆಟ್ಟದ ಮೇಲಿನ ಕಾಫಿ ತೋಟದ ಕೂಲಿ ಜನ ಬೆಳ್ಳಗೆ ಬಿಳಿಚಿಕೊಂಡು ಸಾಯ್ತಾ ಇದ್ರು, ಎಲ್ಲರೂ ಸರಿಯಾಗಿ ಊಟ ಇಲ್ಲ ಅದಕ್ಕೇ ಅಂತಿದ್ರು, ಇವರು ಮಲ ಪರೀಕ್ಷೆ ಮಾಡಿ ನೋಡಿದ್ರೆ ತುಂಬಾ ಕೊಕ್ಕೆಹುಳದ ಮೊಟ್ಟೆ. ಕಾಫಿ ತೋಟಕ್ಕೂ ಈ ರೋಗಕ್ಕೂ ನಂಟು ನೂರಿಪ್ಪತ್ತೈದು ವರ್ಷ ಹಳೇದು. ಆರು ತಿಂಗಳಿಗೊಂದು ಜಂತುಹುಳದ ಮಾತ್ರೆ, ಲೈನ್ ಮನೆಗೆ ಸರಿಯಾದ ಕಕ್ಕಸು, ಕಾಲಿಗೆ ಗಮ್‌ಬೂಟು, ಇಷ್ಟಾದ್ರೆ ಕೊಕ್ಕೆಹುಳಕ್ಕೆ ಜಾಗ ಇಲ್ಲ. ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ ಮೈಲುತುತ್ತಿಗೆ ಖರ್ಚು ಮಾಡ್ತೀವಿ, ಬೂಟಿಗೆ ಕೈ ಹಿಡಿಯತ್ತೆ.

ಇನ್ನು ಹಾಡಿಗಳಲ್ಲಿ ಇರೋರದ್ದು ಬೇರೆ ಲೆಕ್ಕ. ಗಿರಿಜನರಲ್ಲಿ ಕೆಲವರಿಗೆ ಸಿಕಲ್ ಸೆಲ್ ಅಂತ ಹುಟ್ಟಿನಿಂದ ಬರೋ ತೊಂದರೆ ಇರತ್ತೆ, ಕೆಂಪು ಕಣ ಕುಡುಗೋಲಿನ ಹಾಗೆ ಬಾಗಿ ಬೇಗ ಬೇಗ ಒಡೆದು ಹೋಗತ್ತೆ. ಅಲ್ಲಿ ರಕ್ತ ಕಮ್ಮಿ ಇರೋದು ಕಬ್ಬಿಣ ಇಲ್ಲದ್ದಕ್ಕಲ್ಲ, ಸುಮ್ಮನೆ ಕಬ್ಬಿಣ ತುಂಬಿಸಿದ್ರೆ ಉಪಯೋಗ ಇಲ್ಲ, ಪರೀಕ್ಷೆ ಮಾಡಿಸಿ ಡಾಕ್ಟ್ರು ಹೇಳಿದ ಹಾಗೆ ಮಾಡಬೇಕು. ಇದಕ್ಕೆ ಅಂತ್ಲೇ 2023ರ ಜುಲೈ 1ಕ್ಕೆ ಕೇಂದ್ರದ ಮಿಷನ್ ಶುರುವಾಗಿದೆ, 2047ರೊಳಗೆ ಹೋಗಲಾಡಿಸ್ತೀವಿ ಅಂತ. ಕಾರ್ಡ್ ಕೊಡ್ತಾರೆ, ಮಾಡಿಸ್ಕೊಳ್ಳಿ.

ಜಿಂಕ್ ವಿಷಯಕ್ಕೆ ಬರ್ತೀನಿ, ಮೊದ್ಲು ಹೇಳಿದೆನಲ್ಲ ಎಲೆ ಸಣ್ಣ ಆಗತ್ತೆ ಅಂತ. ಮನುಷ್ಯನಿಗೂ ಜಿಂಕ್ ಬೇಕು ಅಂತ ತೋರಿಸಿದವರು ನಮ್ಮ ಬಿಹಾರದಲ್ಲಿ ಹುಟ್ಟಿದ ಡಾಕ್ಟರ್ ಆನಂದ ಪ್ರಸಾದ್. 1958ರಲ್ಲಿ ಇರಾನಿನ ಶಿರಾಜ್‌ನಲ್ಲಿದ್ದಾಗ ಒಬ್ಬ ಹುಡುಗ ಬಂದನಂತೆ, ವಯಸ್ಸು 21, ನೋಡೋಕೆ ಹತ್ತು ವರ್ಷದವನ ಹಾಗೆ, ರಕ್ತ ಇಲ್ಲ, ತಿನ್ನೋದು ಬರೀ ರೊಟ್ಟಿ, ಜೊತೆಗೆ ಮಣ್ಣು. ಅಂಥವರು ಅಲ್ಲಿ ತುಂಬಾ ಜನ ಇದ್ರು. ಕಬ್ಬಿಣ ಒಂದೇ ಅಲ್ಲ ಜಿಂಕೂ ಇಲ್ಲ, ಹೊಟ್ಟೇಲಿ ಇರೋ ಅಷ್ಟನ್ನೂ ಧಾನ್ಯದ ಹೊಟ್ಟಲ್ಲಿರೋ ಫೈಟೇಟ್ ಅನ್ನೋದು ಹಿಡ್ಕೊಂಡಿದೆ ಅಂತ ಅವರು ಹೇಳಿದ್ರು, ಮೊದ್ಲು ಯಾರೂ ಒಪ್ಪಲಿಲ್ಲ. ಗಿಡದ ಗೆಣ್ಣು ಮೋಟಾದ್ರೆ ಸ್ಪ್ರೇ ಹೊಡೆಯೋ ನಾವು, ಮಗು ಮೋಟಾದ್ರೆ ಅವರಪ್ಪನ ಹಾಗೆ ಅಂತೀವಿ. ಮಕ್ಕಳಿಗೆ ಭೇದಿ ಆದಾಗ ಓಆರ್‌ಎಸ್ ಜೊತೆ 14 ದಿನ ಜಿಂಕ್ ಮಾತ್ರೆ ಕೊಡೋದು ಯಾಕೆ ಅಂತ ಗೊತ್ತಿಲ್ಲದೆ ಎಷ್ಟೋ ಜನ ಭೇದಿ ನಿಂತ ಮೂರನೇ ದಿನಕ್ಕೇ ನಿಲ್ಲಿಸಿಬಿಡ್ತಾರೆ. ಪೂರ್ತಿ ಕೊಡಿ. ಫೈಟೇಟ್ ತಗ್ಗಿಸೋಕೆ ನಮ್ಮಜ್ಜಿ ಕಾಲದ ದಾರಿಗಳೇ ಇವೆ, ಕಾಳು ಮೊಳಕೆ ಬರಿಸೋದು, ಹಿಟ್ಟು ಹುಳಿ ಬರಿಸೋದು.

ಊಟದ ವಿಷಯದಲ್ಲಿ ನನಗೂ ಮನೆಯವರಿಗೂ ಮೂವತ್ತು ವರ್ಷದ ಜಗಳ. ನಾನು ಮುದ್ದೆ ತಿಂದು ಬೆಳೆದವಳು, ಇಲ್ಲಿ ಬೆಳಿಗ್ಗೆ ಅಕ್ಕಿ ರೊಟ್ಟಿ ಇಲ್ಲಾ ನೂಲ್‌ಪುಟ್ಟು, ಮಧ್ಯಾಹ್ನ ಅನ್ನ, ಹಬ್ಬಕ್ಕೆ ಕಡುಂಬಿಟ್ಟು, ಎಲ್ಲಾ ಅಕ್ಕಿ. ರುಚಿ ಬಗ್ಗೆ ನಾನು ಮಾತಾಡಲ್ಲ, ಸೋತಿದೀನಿ. ಆದ್ರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಬಿಳಿ ಅಕ್ಕಿಯಲ್ಲಿ ಹತ್ತು ಕೂಡ ಇಲ್ಲ. ದೊಡ್ಡವರಿಗೆ ದಿನಕ್ಕೆ ಸಾವಿರ ಮಿಲಿಗ್ರಾಂ ಬೇಕು. ಮೈಯಲ್ಲಿರೋ ಒಂದು ಕೆಜಿಯಷ್ಟು ಕ್ಯಾಲ್ಸಿಯಂನಲ್ಲಿ ಶೇಕಡ 99 ಮೂಳೆ ಹಲ್ಲಲ್ಲೇ ಇರೋದು, ಊಟದಲ್ಲಿ ಬರದೇ ಇದ್ರೆ ರಕ್ತಕ್ಕೆ ಬೇಕಾಗಿದ್ದನ್ನ ಮೂಳೆಯಿಂದ ಕಿತ್ಕೊಳ್ಳತ್ತೆ. ನಮ್ಮತ್ತೆ ಎಪ್ಪತ್ತೆರಡಕ್ಕೆ ಅಂಗಳದಲ್ಲಿ ಪಾಚಿ ಮೇಲೆ ಜಾರಿ ಸೊಂಟ ಮುರ್ಕೊಂಡ್ರು, ಪಾಚಿ ಒಂದರದ್ದೇ ತಪ್ಪು ಅಂತ ನಾನು ಈಗ ಒಪ್ಪಲ್ಲ. ಹಾಗಂತ ಕೊಡಗಿನ ಊಟ ಬಡವು ಅಂತ ಅಲ್ಲ ಮಾರಾಯ್ರೆ. ಗದ್ದೇಲಿ ಹಿಡಿಯೋ ಸಣ್ಣ ಕೊಯ್ಲೆ ಮೀನು ಮುಳ್ಳು ಸಮೇತ ಹುರಿದು ತಿಂದ್ರೆ ಅದೇ ಕ್ಯಾಲ್ಸಿಯಂ ಮಾತ್ರೆ. ಮಾಂಸದ ಕಬ್ಬಿಣ ಸೊಪ್ಪು ಕಾಳಿನ ಕಬ್ಬಿಣಕ್ಕಿಂತ ಸುಲಭವಾಗಿ ಮೈಗೆ ಹತ್ತತ್ತೆ, ಜೊತೆಗಿರೋ ಸೊಪ್ಪಿನ ಕಬ್ಬಿಣವನ್ನೂ ಎಳ್ಕೊಂಡು ಹೋಗತ್ತೆ. ಹಿಂದೆ ಹುಳಿ ಹಾಕಿದ ಅಡುಗೆ ಕಬ್ಬಿಣದ ಬಾಣಲೇಲಿ ಮಾಡ್ತಿದ್ರು, ಪಾತ್ರೆಯಿಂದ್ಲೂ ಸ್ವಲ್ಪ ಕಬ್ಬಿಣ ಇಳೀತಿತ್ತು. ಈಗ ನಾನ್‌ಸ್ಟಿಕ್ಕು. ರೊಟ್ಟಿ ಕಾವಲಿ ಅಟ್ಟದ ಮೇಲೆ ತುಕ್ಕು ಹಿಡೀತಾ ಕೂತಿದೆ. ಆದ್ರೆ ಕೆಂಬು ಸೊಪ್ಪಲ್ಲಿ, ಅಂದ್ರೆ ಕೆಸುವಿನ ಸೊಪ್ಪಲ್ಲಿ, ಕ್ಯಾಲ್ಸಿಯಂ ಹಿಡ್ಕೊಳ್ಳೋ ಆಕ್ಸಲೇಟ್ ಇದೆ, ಅದರ ಕ್ಯಾಲ್ಸಿಯಂ ಪೂರ್ತಿ ಸಿಗಲ್ಲ. ಕ್ಯಾಲ್ಸಿಯಂ ಬೇಕು ಅಂದ್ರೆ ನುಗ್ಗೆ ಸೊಪ್ಪು ಹಾಕಿ.

ಉಪ್ಪಿನ ಬಗ್ಗೆ ಎರಡು ಮಾತು. ಇತ್ತೀಚೆಗೆ ಒಂದು ಹೋಂಸ್ಟೇಗೆ ಹೋಗಿದ್ದೆ, ಟೇಬಲ್ ಮೇಲೆ ಗುಲಾಬಿ ಬಣ್ಣದ ಹಿಮಾಲಯದ ಉಪ್ಪು, ನ್ಯಾಚುರಲ್ ಅಂತ ಲೇಬಲ್ಲು, ಮನೆಯವರೂ ಅದನ್ನೇ ತಿನ್ನೋದಂತೆ. ಅದರಲ್ಲಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರಲ್ಲ. ಮಳೆ ಕ್ಯಾಲ್ಸಿಯಂ ತೊಳ್ಕೊಂಡು ಹೋಗೋ ಹಾಗೇ ಅಯೋಡಿನ್ ಕೂಡ ತೊಳ್ಕೊಂಡು ಹೋಗತ್ತೆ, ಅದಕ್ಕೇ ಗುಡ್ಡಗಾಡಿನ ಜನಕ್ಕೆ ಗಳಗಂಡ ಜಾಸ್ತಿ. 1956ರಿಂದ ಹಿಮಾಚಲದ ಕಾಂಗ್ರಾ ಕಣಿವೇಲಿ ಡಾಕ್ಟರ್ ರಾಮಲಿಂಗಸ್ವಾಮಿ ಮತ್ತು ಜೊತೆಯವರು ಕೆಲವು ಊರಿಗೆ ಅಯೋಡಿನ್ ಉಪ್ಪು, ಕೆಲವಕ್ಕೆ ಸಾದಾ ಉಪ್ಪು ಕೊಟ್ಟು ವರ್ಷಗಟ್ಟಲೆ ನೋಡಿದ್ರು, ಅಯೋಡಿನ್ ಕೊಟ್ಟ ಕಡೆ ಗಳಗಂಡ ಇಳೀತು, 1962ಕ್ಕೆ ದೇಶಕ್ಕೇ ಕಾರ್ಯಕ್ರಮ ಬಂತು. ದಿನಕ್ಕೆ ಬೇಕಾಗಿರೋದು 150 ಮೈಕ್ರೋಗ್ರಾಂ, ಎಪ್ಪತ್ತು ವರ್ಷ ಬದುಕಿದ್ರೂ ಒಟ್ಟು ಒಂದು ಚಮಚ ಆಗಲ್ಲ. ಆ ಚಮಚ ಇಲ್ಲದಿದ್ರೆ ಹೊಟ್ಟೇಲಿರೋ ಮಗುವಿನ ಮೆದುಳಿಗೇ ಪೆಟ್ಟು. ನಮ್ಮಲ್ಲಿ ಇನ್ನೊಂದು ಎಡವಟ್ಟು ಇದೆ, ಮಳೆಗಾಲದಲ್ಲಿ ಉಪ್ಪು ನೀರೊಡೆಯತ್ತೆ, ಬಾಯಿ ತೆರೆದ ಡಬ್ಬೀಲಿ ಒಲೆ ಪಕ್ಕ ಇಡ್ತೀವಿ. ಶಾಖಕ್ಕೆ ಸ್ವಲ್ಪ, ಒಸರೋ ನೀರಲ್ಲಿ ಸ್ವಲ್ಪ, ಅಯೋಡಿನ್ ಹೋಗತ್ತೆ. ಮುಚ್ಚಳ ಗಟ್ಟಿ ಇರೋ ಡಬ್ಬೀಲಿ ಒಲೆಯಿಂದ ದೂರ ಇಡಿ, ಅಡುಗೆ ಇಳಿಸೋ ಹೊತ್ತಿಗೆ ಉಪ್ಪು ಹಾಕಿ. ಅಯೋಡಿನ್ ಉಪ್ಪು ಅಂತ ಜಾಸ್ತಿ ಹಾಕೋದಲ್ಲ ಮತ್ತೆ, ದಿನಕ್ಕೆ ಐದು ಗ್ರಾಂ ಒಳಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಒಂದು ಟೀ ಚಮಚ, ಒಣ ಮೀನು ಉಪ್ಪಿನಕಾಯಿ ಎಲ್ಲಾ ಸೇರಿ. ಮಳೆಗಾಲದಲ್ಲಿ ಒಣ ಮೀನಿಲ್ಲದೆ ಗಂಜಿ ಇಳಿಯಲ್ಲ ಅನ್ನೋ ನಮ್ಮ ಮನೆಯವರ ಬಿಪಿ ಎಷ್ಟು ಅಂತ ಇಲ್ಲಿ ಬರೆಯೋ ಹಾಗಿಲ್ಲ, ಪೇಪರ್ ಓದ್ತಾರೆ.

ಈಗ ನನ್ನ ಕೋರಿಕೆ. ಸರ್ಕಾರದವರು ಕಬ್ಬಿಣದ ಮಾತ್ರೆ ಕೊಡೋ ಕವರ್ ಮೇಲೆ ಕನ್ನಡದಲ್ಲಿ ನಾಲ್ಕು ಮಾತು ಅಚ್ಚು ಹಾಕಿಸಲಿ, ಕಾಫಿ ಟೀ ಹಾಲಿನ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ, ಹುಳಿ ಹಣ್ಣಿನ ಜೊತೆ ಒಳ್ಳೇದು, ಮಲ ಕಪ್ಪಾದ್ರೆ ಹೆದರಬೇಡಿ. ಖಾಸಗಿ ಡಾಕ್ಟ್ರುಗಳು ಬಾಯಲ್ಲಿ ಹೇಳಲಿ, ಅರ್ಧ ನಿಮಿಷ ಸಾಕು. ಮಣ್ಣು ಪರೀಕ್ಷೆ ಕ್ಯಾಂಪ್ ಊರಿಗೆ ಬಂದಾಗ ಪಕ್ಕದಲ್ಲೇ ಒಂದು ಟೇಬಲ್ ಹಾಕಿ ಹಿಮೋಗ್ಲೋಬಿನ್ ನೋಡಲಿ, ಬೆರಳು ಚುಚ್ಚಿ ಒಂದು ಹನಿ ಅಷ್ಟೆ, ಗಂಡಸರು ಮಣ್ಣಿನ ಚೀಲ ಹಿಡ್ಕೊಂಡು ಬರುವಾಗ ಮನೆಯವರನ್ನೂ ಜೀಪಲ್ಲಿ ಕೂರಿಸ್ಕೊಂಡು ಬರಲಿ. ನೀವು ತಿಂಗಳಿಗೊಮ್ಮೆ ಮಳೆ ಲೆಕ್ಕದ ಕೆಳಗೆ ಎರಡು ಸಾಲು ಜಾಗ ಕೊಡಿ, ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಷ್ಟು ಜನರ ರಕ್ತ ನೋಡಿದ್ರು, ಎಷ್ಟು ಜನಕ್ಕೆ ಕಮ್ಮಿ ಇತ್ತು, ಕೆಂಪು ಮಾತ್ರೆ ಸ್ಟಾಕ್ ಇದ್ಯಾ ಇಲ್ವಾ ಅಂತ.

ಇಷ್ಟೆಲ್ಲ ಬರೆದವಳು ತಾನು ಮಾಡಿಸಿದ್ಲಾ ಅಂತ ಕೇಳ್ತೀರಿ. ಹೋದ ವಾರ ಸೊಸೆ ಬಲವಂತಕ್ಕೆ ಮಾಡಿಸಿದೆ. ನನ್ನದು 10.2, ಅವಳಿಗಿಂತ ಕಮ್ಮಿ. ಮುಟ್ಟು ನಿಂತು ಮೂರು ವರ್ಷ ಆಗಿದೆ, ಹಾಗಾದ್ರೆ ರಕ್ತ ಎಲ್ಲಿಂದ ಸೋರ್ತಾ ಇದೆ ಅಂತ ನೋಡಬೇಕು ಅಂತ ಡಾಕ್ಟ್ರು ಇನ್ನೂ ಎರಡು ಟೆಸ್ಟು ಬರೆದಿದಾರೆ, ಸೋಮವಾರ ಮಡಿಕೇರಿಗೆ ಹೋಗೋದಿದೆ. ಮನೇಲಿ ಈಗ ಊಟ ಒಂದು ಗಂಟೆಗೆ, ಕಾಫಿ ಮೂರೂವರೆಗೆ. ಮೊದ್ಲ ವಾರ ಯಜಮಾನ್ರು ಮುಖ ಊದಿಸ್ಕೊಂಡು ಓಡಾಡ್ತಾ ಇದ್ರು, ಈಗ ಮೂರು ಇಪ್ಪತ್ತಕ್ಕೆ ಅಡುಗೆಮನೆ ಬಾಗಿಲಿಗೆ ಬಂದು ಗಡಿಯಾರ ನೋಡ್ತಾ ನಿಂತಿರ್ತಾರೆ.

ಇಂತಿ ನಿಮ್ಮ ಓದುಗಿ,
ಒಬ್ಬ ಸಣ್ಣ ಕಾಫಿ ಬೆಳೆಗಾರ್ತಿ
ಮಾದಾಪುರದ ಹತ್ತಿರ, ಕೊಡಗು